ಹೊಸ ಟ್ರೈಲರ್‌ನ ಮೊದಲ ಪರೀಕ್ಷಾ ಪ್ರಯಾಣ: ದೀಪ, ಹಬ್, ಫ್ರಿಜ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು?

ತುಮಕೂರಿನಿಂದ ಗುಬ್ಬಿ ದಾಟಿ ಕಡಬದ ಕಡೆ ಹೋದರೆ ನಮ್ಮ ಭಾವನ ತೆಂಗಿನ ತೋಟ. ಮನೆಯಿಂದ ಹೆಚ್ಚುಕಮ್ಮಿ ಒಂದು ಗಂಟೆಯ ದಾರಿ. ಹೊಸದಾಗಿ ಕೊಂಡ ಕ್ಯಾರವಾನ್ ಟ್ರೈಲರನ್ನು ಮೊದಲ ಸಲ ಎಳೆದುಕೊಂಡು ಹೋಗಲು ಈ ಜಾಗವನ್ನೇ ಆರಿಸಿಕೊಂಡೆವು. ಮಕ್ಕಳಿಗೆ ನೇರವಾಗಿ ಗೋಕರ್ಣಕ್ಕೆ ಹೋಗುವ ಆಸೆ ಇತ್ತು. ನಾನು ಒಪ್ಪಲಿಲ್ಲ. ಹೊಸ ಟ್ರೈಲರ್‌ನಲ್ಲಿ ದೋಷ ಇದ್ದೇ ಇರುತ್ತದೆ. ಅದು ಘಾಟಿಯಲ್ಲಿ ಕಾಣಿಸಿಕೊಳ್ಳುವುದಕ್ಕಿಂತ, ಗೊತ್ತಿರುವ ತೋಟದಲ್ಲಿ, ನೆಂಟರ ನಡುವೆ ಕಾಣಿಸಿಕೊಂಡರೆ ಒಳ್ಳೆಯದು ಅಲ್ವಾ?

ಒಂದು ರಾತ್ರಿ, ಎರಡು ಹಗಲು. ಅಷ್ಟರಲ್ಲಿ ಐದು ದೋಷ ಸಿಕ್ಕವು. ಫ್ರಿಜ್‌ನ ವೈರ್ ಒಂದನ್ನು ಬಿಟ್ಟರೆ ಯಾವುದಕ್ಕೂ ಹೊಸ ಬಿಡಿಭಾಗ ಬೇಕಾಗಲಿಲ್ಲ. ಎಲ್ಲವೂ ಜೋಡಣೆಯ ದೋಷ: ಸರಿಯಾಗಿ ಕೂರದ ನಟ್ಟು, ಬಣ್ಣದ ಮೇಲೆ ಕೂತ ಲಗ್ (ವೈರ್ ತುದಿಯ ಲೋಹದ ಬಳೆ), ತೆಳು ವೈರ್, ತಪ್ಪು ಜಾಗದಲ್ಲಿ ಇಟ್ಟ ಭಾರ. ಹೊಸ ಗಾಡಿಯಲ್ಲಿ ಭಾಗ ಕೆಡುವುದು ಅಪರೂಪ, ಭಾಗಗಳ ನಡುವಿನ ಸಂಧಿ ಕೆಟ್ಟಿರುವುದೇ ಜಾಸ್ತಿ. ಆದ್ದರಿಂದ ಯಾವುದನ್ನೂ ಬಿಚ್ಚಿ ಬದಲಾಯಿಸುವ ಮೊದಲು ಅಳೆಯಿರಿ. ಅಳೆಯುವಾಗಲೂ ಆ ಭಾಗ ಕೆಲಸ ಮಾಡುತ್ತಿರುವಾಗಲೇ ಅಳೆಯಿರಿ. ಇದು ಯಾಕೆ ಮುಖ್ಯ ಅನ್ನುವುದು ದೀಪದ ಕಥೆಯಲ್ಲಿ ಗೊತ್ತಾಗುತ್ತದೆ.

ಜೊತೆಗೆ ಒಯ್ದಿದ್ದು ಇಷ್ಟು: ಒಂದು ಮಲ್ಟಿಮೀಟರ್, 21 ವ್ಯಾಟ್ ಬಲ್ಬಿಗೆ ಎರಡು ವೈರ್ ಹಾಕಿ ಮಾಡಿಕೊಂಡ ಟೆಸ್ಟ್ ಲ್ಯಾಂಪ್, 12 ಮೀಟರ್ ಸಾದಾ ವೈರ್, ಎಮರಿ ಪೇಪರ್, ಜಾಕಿ, ವೀಲ್ ಸ್ಪ್ಯಾನರ್, ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು, ಮೈತೂಕ ನೋಡುವ ಸ್ಕೇಲ್, ಒಂದು ನೋಟ್‌ಬುಕ್. ನೋಟ್‌ಬುಕ್ಕನ್ನು ಮರೆಯಬೇಡಿ. ದೋಷ ಕಂಡ ಗಂಟೆ, ಎಷ್ಟು ಕಿಲೋಮೀಟರ್ ಆಗಿತ್ತು, ಆಗ ಏನೇನು ಚಾಲೂ ಇತ್ತು ಎಲ್ಲವನ್ನೂ ಬರೆದಿಡಬೇಕು.

ಹಿಂಬದಿ ಬಾಲದಂತೆ ಓಲಾಡಿದರೆ

ಊರು ದಾಟಿ ರಸ್ತೆ ಅಗಲವಾದ ಮೇಲೆ ವೇಗ 60 ಮುಟ್ಟಿತು. ಎದುರಿನಿಂದ ಒಂದು ಲಾರಿ ಹಾದುಹೋದದ್ದೇ ತಡ, ಟ್ರೈಲರ್ ಎಡಕ್ಕೆ ಬಲಕ್ಕೆ ಆಡತೊಡಗಿತು. ಬ್ರೇಕ್ ಒತ್ತುವ ಆಸೆಯಾಗುತ್ತದೆ, ಒತ್ತಬಾರದು. ಸ್ಟಿಯರಿಂಗನ್ನು ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. 45ಕ್ಕೆ ಇಳಿದಾಗ ತಾನಾಗಿ ನಿಂತಿತು.

ಇದಕ್ಕೆ ಮೊದಲು ನೋಡಬೇಕಾದದ್ದು ಮೂತಿಯ ಭಾರ. ಅಂದರೆ ಟ್ರೈಲರಿನ ಕೊಂಡಿಯಿಂದ ಕಾರಿನ ಹಿಂದಿರುವ ಬಾಲ್ (ಕೊಂಡಿ ಕೂರುವ ಕಬ್ಬಿಣದ ಗುಂಡು) ಮೇಲೆ ಎಷ್ಟು ಭಾರ ಬೀಳುತ್ತಿದೆ ಅನ್ನುವುದು. ರಸ್ತೆ ಬದಿಯ ಸಮತಟ್ಟು ಜಾಗದಲ್ಲಿ ಕಾರಿನಿಂದ ಬಿಡಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕೊಂಡಿಯ ಕೆಳಗೆ ಒಂದು ಮರದ ತುಂಡು, ಅದರ ಕೆಳಗೆ ಸ್ಕೇಲ್ ಇಟ್ಟೆವು. 31 ಕೆ.ಜಿ. ತೋರಿಸಿತು. ಸಾಮಾನು ತುಂಬಿದ ನಮ್ಮ ಟ್ರೈಲರ್ 850 ಕೆ.ಜಿ. ಹಿಂದಿನ ದಿನ ವೇಬ್ರಿಡ್ಜ್‌ನಲ್ಲಿ ನೋಡಿಕೊಂಡಿದ್ದೆ. ಅಂದರೆ ಶೇ. 4ಕ್ಕಿಂತ ಕಡಿಮೆ. ನಮ್ಮಂಥ ಚಿಕ್ಕ ಟ್ರೈಲರ್‌ಗೆ ಶೇ. 7ರ ಆಸುಪಾಸು ಇರಬೇಕು. ಕಾರಿನ ಕೊಂಡಿ ತಾಳುವ ಮಿತಿಯನ್ನು ಮಾತ್ರ ಮೀರಬಾರದು. ಕಾರಣ ಕಣ್ಣೆದುರೇ ಇತ್ತು. 60 ಲೀಟರ್ ನೀರಿನ ಟ್ಯಾಂಕ್ ಹಿಂಬದಿಯಲ್ಲಿದೆ, ಅದನ್ನು ಮನೆಯಲ್ಲೇ ಭರ್ತಿ ಮಾಡಿದ್ದೆವು. ಅದೇ 60 ಕೆ.ಜಿ. ಅದರ ಪಕ್ಕದಲ್ಲಿ ಅಕ್ಕನಿಗೆ ಅಂತ ಒಯ್ಯುತ್ತಿದ್ದ ಅಕ್ಕಿ ಮೂಟೆ. ಟ್ಯಾಂಕ್ ಅರ್ಧ ಖಾಲಿ ಮಾಡಿ, ಮೂಟೆಯನ್ನು ಆಕ್ಸಲ್‌ಗಿಂತ ಸ್ವಲ್ಪ ಮುಂದೆ ತಂದಿಟ್ಟ ಮೇಲೆ 60 ಕೆ.ಜಿ. ಬಂತು. ಆಮೇಲೆ ಓಲಾಟವಿಲ್ಲ.

ಭಾರ ಸರಿ ಇದ್ದೂ ಓಲಾಡಿದರೆ ಟೈರ್ ಗಾಳಿ ನೋಡಿ. ಎರಡೂ ಚಕ್ರಗಳಲ್ಲಿ ಒಂದೇ ಸಮ ಇರಬೇಕು. ಅದೂ ಸರಿ ಇದ್ದರೆ ಕೊಂಡಿ ಬಾಲ್ ಮೇಲೆ ಪೂರ್ತಿ ಕೂತಿದೆಯಾ ನೋಡಿ.

ಒಂದು ಹಬ್ ಮಾತ್ರ ಬಿಸಿ

ಗುಬ್ಬಿಯಲ್ಲಿ ಟೀಗೆ ನಿಲ್ಲಿಸಿದಾಗ ಎರಡೂ ಹಬ್ (ಚಕ್ರದ ನಡುಭಾಗ) ಹತ್ತಿರ ಕೈಹಿಂಬದಿ ಹಿಡಿದು ನೋಡಿದೆ. ಅಂಗೈಯಿಂದ ಮುಟ್ಟಬೇಡಿ, ಸುಡಬಹುದು. ಬಲಗಡೆಯದು ಉಗುರು ಬೆಚ್ಚಗೆ, ಎಡಗಡೆಯದು ಕೈ ಇಡಲಾಗದಷ್ಟು ಬಿಸಿ. ಎರಡೂ ಸಮನಾಗಿ ಬೆಚ್ಚಗಿದ್ದರೆ ಹೆದರಬೇಕಿಲ್ಲ. ವ್ಯತ್ಯಾಸ ಇದ್ದರೆ ಮುಂದೆ ಹೋಗಬೇಡಿ.

ಬಿಸಿಗೆ ಎರಡೇ ಕಾರಣ ಸಾಮಾನ್ಯ. ಬ್ರೇಕ್ ಹಿಡಿದುಕೊಂಡಿರುವುದು, ಇಲ್ಲವೇ ಬೇರಿಂಗ್ ಜಾಸ್ತಿ ಬಿಗಿಯಾಗಿರುವುದು. ಬೇರೆ ಮಾಡಿ ನೋಡುವುದು ಸುಲಭ. ಚಕ್ರವನ್ನು ಜಾಕಿಯಲ್ಲಿ ಎತ್ತಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಕೈಯಿಂದ ಮುಂದಕ್ಕೆ ತಿರುಗಿಸಿ. ಕೆರೆಯುವ ಸದ್ದು ಬಂದು ಬೇಗ ನಿಂತರೆ ಬ್ರೇಕ್. ಸದ್ದಿಲ್ಲದೆ ಭಾರವಾಗಿ ತಿರುಗಿದರೆ, ಇಲ್ಲವೇ ಗರಗರ ಅಂದರೆ ಬೇರಿಂಗ್. ಆಮೇಲೆ ಚಕ್ರದ ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಲಟಕ್ ಲಟಕ್ ಅಂದರೆ ಬೇರಿಂಗ್ ಸಡಿಲ.

ನಮ್ಮದು ಬ್ರೇಕ್. ಇಲ್ಲಿ ಬಹಳ ಜನ ಎಡವುವ ಒಂದು ವಿಷಯ ಇದೆ. ನಮ್ಮ ಟ್ರೈಲರ್‌ನದು ಓವರ್‌ರನ್ ಬ್ರೇಕ್. ಕಾರು ನಿಧಾನವಾದಾಗ ಟ್ರೈಲರ್ ಮುಂದಕ್ಕೆ ತಳ್ಳುತ್ತದೆ, ಆ ತಳ್ಳುವಿಕೆಯೇ ಕೇಬಲ್ ಎಳೆದು ಬ್ರೇಕ್ ಹಾಕುತ್ತದೆ. ಇದನ್ನು ಹೊಂದಿಸುವಾಗ ಮೊದಲು ಡ್ರಮ್ ಹಿಂದಿನ ಅಡ್ಜಸ್ಟರ್‌ನಲ್ಲಿ ಶೂಗಳನ್ನು (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ತುಂಡುಗಳು) ಸರಿಮಾಡಬೇಕು, ಕೇಬಲ್ ಕೊನೆಗೆ. ಅವಸರದಲ್ಲಿ ಕೇಬಲ್ ಮಾತ್ರ ಬಿಗಿ ಮಾಡಿದರೆ ಒಂದು ಚಕ್ರ ಸದಾ ಹಿಡಿದುಕೊಂಡಿರುತ್ತದೆ, ಇನ್ನೊಂದು ಕೆಲಸವೇ ಮಾಡುವುದಿಲ್ಲ. ನಮ್ಮದರಲ್ಲಿ ಆಗಿದ್ದೂ ಅದೇ. ಕೇಬಲ್ ಸಡಿಲ ಬಿಟ್ಟು, ಎರಡೂ ಕಡೆ ಅಡ್ಜಸ್ಟರನ್ನು ಚಕ್ರ ತಿರುಗದಷ್ಟು ಬಿಗಿ ಮಾಡಿ, ಚಕ್ರ ಸಲೀಸಾಗಿ ತಿರುಗುವವರೆಗೆ ಹಿಂದಕ್ಕೆ ಬಿಟ್ಟು, ಆಮೇಲೆ ಕೇಬಲ್ ಹೊಂದಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಅದೇ ಹೊತ್ತಿಗೆ ವೀಲ್ ನಟ್ಟುಗಳನ್ನೂ ನೋಡಿದೆ. ಎರಡು ನಟ್ಟು ಕಾಲು ಸುತ್ತು ತೆಗೆದುಕೊಂಡವು. ಹೊಸ ಚಕ್ರದ ನಟ್ಟುಗಳನ್ನು ಮೊದಲ 50 ಕಿಲೋಮೀಟರ್ ಆದ ಮೇಲೆ ಮತ್ತೆ ಬಿಗಿ ಮಾಡಲೇಬೇಕು.

ದೀಪಗಳು: ಮನೆಯಲ್ಲಿ ಸರಿ, ರಸ್ತೆಯಲ್ಲಿ ಇಲ್ಲ

ಕತ್ತಲಾಗುವ ಹೊತ್ತಿಗೆ ಕಡಬದ ರಸ್ತೆಗೆ ತಿರುಗಿದೆವು. ನನ್ನ ಹೆಂಡತಿ ಮತ್ತು ಮಗಳು ಸ್ಕೂಟರ್‌ನಲ್ಲಿ ಹಿಂದೆ ಬರುತ್ತಿದ್ದರು. ಮಗಳು ಫೋನ್ ಮಾಡಿದಳು. "ಅಪ್ಪ, ನೀವು ಎಡಗಡೆ ಇಂಡಿಕೇಟರ್ ಹಾಕಿದಾಗ ಹಿಂದಿನ ಕೆಂಪು ದೀಪಾನೂ ಮಿಣುಕ್ತಾ ಇದೆ. ಬ್ರೇಕ್ ಹಾಕಿದ್ರೆ ಎಲ್ಲಾ ಮಂಕಾಗುತ್ತೆ."

ಈ ಎರಡು ಮಾತಿನಲ್ಲೇ ಅರ್ಧ ಉತ್ತರ ಇತ್ತು. ಒಂದು ದೀಪ ಉರಿಯದಿದ್ದರೆ ಬಲ್ಬ್, ಫ್ಯೂಸ್ ಅಥವಾ ಆ ಒಂದು ವೈರ್. ಒಂದು ದೀಪ ಹಾಕಿದರೆ ಇನ್ನೊಂದು ದೀಪದ ಮೇಲೆ ಪರಿಣಾಮ ಆದರೆ ಅದು ಅರ್ತ್ ದೋಷ. ಎಲ್ಲಾ ದೀಪಗಳ ಕರೆಂಟ್ ವಾಪಸ್ ಬರುವ ದಾರಿ ಒಂದೇ. ಆ ದಾರಿ ಕಿರಿದಾದರೆ ಕರೆಂಟ್ ಬೇರೆ ಬಲ್ಬುಗಳ ಮೂಲಕ ಹಿಂದೆಮುಂದೆ ಹರಿದು ದಾರಿ ಹುಡುಕುತ್ತದೆ. ಆದ್ದರಿಂದ ಇಂಡಿಕೇಟರ್ ಜೊತೆ ಟೈಲ್ ಲ್ಯಾಂಪೂ ಮಿಣುಕುತ್ತದೆ.

ತೋಟ ಸೇರಿದ ಮೇಲೆ ಭಾವ ಟಾರ್ಚ್ ಹಿಡಿದು ನಿಂತರು. "ಹೊಸಾ ಗಾಡಿಗೆ ಏನಪ್ಪ ರಿಪೇರಿ? ಬಲ್ಬ್ ಬದಲಾಯಿಸಿ ನೋಡು" ಅಂದರು. ಬಲ್ಬ್ ಬದಲಾಯಿಸಿದ್ದರೆ ರಾತ್ರಿಯೆಲ್ಲ ಅದರಲ್ಲೇ ಕಳೆಯುತ್ತಿತ್ತು.

ಕಾರಿನಿಂದ ಟ್ರೈಲರ್ ದೀಪಗಳಿಗೆ ಕರೆಂಟ್ ಕೊಡುವ ಏಳು ಪಿನ್‌ನ ಸಾಕೆಟ್‌ನಲ್ಲಿ ಯಾವುದು ಯಾವುದಕ್ಕೆ ಅಂತ ಗೊತ್ತಿರಬೇಕು. 12 ವೋಲ್ಟಿನ ಸಾಮಾನ್ಯ ಜೋಡಣೆ ಹೀಗಿದೆ: 1ನೇ ಪಿನ್ ಹಳದಿ ವೈರ್, ಎಡ ಇಂಡಿಕೇಟರ್. 2ನೆಯದು ನೀಲಿ, ಹಿಂದಿನ ಫಾಗ್ ಲ್ಯಾಂಪ್. 3ನೆಯದು ಬಿಳಿ, ಅರ್ತ್. 4ನೆಯದು ಹಸಿರು, ಬಲ ಇಂಡಿಕೇಟರ್. 5ನೆಯದು ಕಂದು, ಬಲ ಟೈಲ್ ಲ್ಯಾಂಪ್. 6ನೆಯದು ಕೆಂಪು, ಬ್ರೇಕ್. 7ನೆಯದು ಕಪ್ಪು, ಎಡ ಟೈಲ್ ಲ್ಯಾಂಪ್. ನಮ್ಮಲ್ಲಿ ಕಪ್ಪು ವೈರ್ ಅಂದರೆ ಅರ್ತ್ ಅಂತ ಭಾವಿಸುವವರು ಜಾಸ್ತಿ. ಇಲ್ಲಿ ಹಾಗಲ್ಲ, ಅರ್ತ್ ಬಿಳಿ. ಬಣ್ಣ ನೋಡಿ ಸುಮ್ನೆ ನಂಬದೆ ಪಿನ್ ಸಂಖ್ಯೆಯನ್ನೂ ನೋಡಿ.

ಮೊದಲು ಮಲ್ಟಿಮೀಟರನ್ನು ಬೀಪ್ ಮೋಡ್‌ನಲ್ಲಿಟ್ಟು ಲ್ಯಾಂಪಿನ ಅರ್ತ್‌ನಿಂದ 3ನೇ ಪಿನ್‌ವರೆಗೆ ನೋಡಿದೆ. ಬೀಪ್ ಅಂತ ಸದ್ದು ಬಂತು. ಇಲ್ಲೇ ಮೋಸ ಹೋಗುವುದು. 20, 30 ಓಮ್ ಅಡ್ಡಿ ಇದ್ದರೂ ಬಹಳ ಮೀಟರ್‌ಗಳು ಬೀಪ್ ಅನ್ನುತ್ತವೆ. ಆದರೆ ದೀಪದ ಅರ್ತ್ ದಾರಿಯಲ್ಲಿ 1 ಓಮ್ ಇದ್ದರೂ ಸಾಕು, ದೀಪ ಮಂಕಾಗಲು. ಲೆಕ್ಕ ನೋಡಿ. ಎರಡು ಬ್ರೇಕ್ ಬಲ್ಬ್ 21 ವ್ಯಾಟಿನವು, ಎರಡು ಟೈಲ್ ಬಲ್ಬ್ 5 ವ್ಯಾಟಿನವು. ಒಟ್ಟು 52 ವ್ಯಾಟ್. 12 ವೋಲ್ಟಿನಲ್ಲಿ ಸುಮಾರು 4 ಆಂಪಿಯರ್. 1 ಓಮ್ ಅಡ್ಡ ಇದ್ದರೆ 4 ವೋಲ್ಟ್ ಹತ್ತಿರ ಅಲ್ಲೇ ಹೋಯಿತು. ಬಲ್ಬಿಗೆ ಉಳಿಯುವುದು ಸುಮಾರು 8.

ಆದ್ದರಿಂದ ದೀಪ ಉರಿಯುತ್ತಿರುವಾಗಲೇ ವೋಲ್ಟೇಜ್ ಎಲ್ಲಿ ಸೋರುತ್ತಿದೆ ಅಂತ ನೋಡಬೇಕು. ಮಗಳನ್ನು ಬ್ರೇಕ್ ಒತ್ತಿ ಕೂರಲು ಹೇಳಿದೆ. 12 ಮೀಟರ್ ವೈರಿನ ಒಂದು ತುದಿಯನ್ನು ಕಾರಿನ ಬ್ಯಾಟರಿಯ ಮೈನಸ್‌ಗೆ ಕಟ್ಟಿದೆ, ಇನ್ನೊಂದು ತುದಿ ಮೀಟರಿನ ಕಪ್ಪು ಕಡ್ಡಿಗೆ. ಕೆಂಪು ಕಡ್ಡಿಯನ್ನು ಹಿಂದಿನ ಲ್ಯಾಂಪಿನ ಅರ್ತ್ ತುದಿಗೆ ಇಟ್ಟೆ. 4.0 ವೋಲ್ಟ್. ಸರಿಯಾದ ಗಾಡಿಯಲ್ಲಿ ಇದು ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಒಂದೊಂದು ಸಂಧಿಯಲ್ಲಿ 0.1ಕ್ಕಿಂತ ಕಡಿಮೆ.

ಈಗ ದಾರಿಯನ್ನು ತುಂಡು ತುಂಡು ಮಾಡಿ ಅಳೆಯಬೇಕು. ಲ್ಯಾಂಪಿನ ಅರ್ತ್‌ನಿಂದ ಛಾಸಿಯ ಬರಿ ಕಬ್ಬಿಣಕ್ಕೆ 0.03. ಅಲ್ಲಿ ದೋಷ ಇಲ್ಲ. ಛಾಸಿಯ ಬರಿ ಕಬ್ಬಿಣದಿಂದ ಮುಂದೆ ಕೊಂಡಿಯ ಹತ್ತಿರ ಬಿಳಿ ವೈರ್ ಕೂತಿರುವ ಲಗ್‌ಗೆ 3.8. ಸಿಕ್ಕಿತು. ಆದರೂ ಬಿಡದೆ ಉಳಿದದ್ದನ್ನೂ ನೋಡಿದೆ. ಲಗ್‌ನಿಂದ ಸಾಕೆಟ್‌ನ 3ನೇ ಪಿನ್‌ಗೆ 0.08, ಪಿನ್‌ನಿಂದ ಬ್ಯಾಟರಿಗೆ 0.07. ಎಲ್ಲ ಕೂಡಿದರೆ ಸುಮಾರು 4.0. ಲೆಕ್ಕ ಸರಿಹೊಂದಿದರೆ ಬೇರೆಲ್ಲೂ ಎರಡನೇ ದೋಷ ಅಡಗಿಲ್ಲ ಅಂತ ಧೈರ್ಯ ಬರುತ್ತದೆ.

ಬೋಲ್ಟ್ ಬಿಚ್ಚಿದಾಗ ಕಂಡಿತು. ಛಾಸಿಗೆ ಹೊಡೆದ ದಪ್ಪ ಪೌಡರ್ ಕೋಟಿಂಗ್ ಮೇಲೆಯೇ ಲಗ್ ಕೂರಿಸಿ ಬಿಗಿ ಮಾಡಿದ್ದರು. ಬೋಲ್ಟಿನ ಎಳೆಗಳ ಮೂಲಕ ಚೂರುಪಾರು ಕರೆಂಟ್ ಹಾಯುತ್ತಿತ್ತು ಅಷ್ಟೇ.

ಹಾಗಾದರೆ ಕೊಂಡ ದಿನ, ಮನೆಯಲ್ಲಿ ಪರೀಕ್ಷೆ ಮಾಡಿದ ದಿನ ದೀಪಗಳು ಚೆನ್ನಾಗಿ ಉರಿದದ್ದು ಹೇಗೆ? ಇದು ನನ್ನನ್ನು ಬಹಳ ಹೊತ್ತು ಕಾಡಿತು. ಭಾವನ ಮಾತಿನಿಂದಲೇ ಉತ್ತರ ಹೊಳೆಯಿತು. "ಬಾಲ್‌ಗೆ ಗ್ರೀಸ್ ಚೆನ್ನಾಗಿ ಹಾಕಿದ್ದೀಯ" ಅಂದರು. ಹೌದು, ಹೊರಡುವ ಬೆಳಿಗ್ಗೆ ಹಾಕಿದ್ದೆ. ಅದಕ್ಕೂ ಮೊದಲು ಒಣ ಬಾಲ್ ಮೇಲೆ ಕೊಂಡಿ ಕೂತಿತ್ತು. ಕಬ್ಬಿಣಕ್ಕೆ ಕಬ್ಬಿಣ ತಾಗಿ, ಕಾರಿನ ಛಾಸಿಗೇ ಅರ್ತ್ ಸಿಗುತ್ತಿತ್ತು. ಗ್ರೀಸ್ ಆ ಕಳ್ಳದಾರಿಯನ್ನು ಮುಚ್ಚಿತು, ಅಸಲಿ ದೋಷ ಹೊರಗೆ ಬಂತು. ಬಾಲ್‌ಗೆ ಗ್ರೀಸ್ ಹಾಕುವುದು ಸರಿಯೇ. ಆದರೆ ಘರ್ಷಣೆಯಿಂದ ಓಲಾಟ ತಡೆಯುವ ಸ್ಟೆಬಿಲೈಸರ್ ಕೊಂಡಿ ಇದ್ದವರು ಮಾತ್ರ ಹಾಕಬಾರದು, ಅದು ಒಣಗಿಯೇ ಇರಬೇಕು. ದೀಪ ಪರೀಕ್ಷಿಸುವಾಗ ಕೊಂಡಿ ಬಾಲ್ ಮೇಲೆ ಕೂರದಂತೆ ಎತ್ತಿ, ಸೇಫ್ಟಿ ಚೈನನ್ನೂ ಬಿಡಿಸಿ, ಪ್ಲಗ್ ಮಾತ್ರ ಹಾಕಿ ನೋಡಿ. ಅರ್ತ್ ವೈರ್ ನಿಜವಾಗಿ ಕೆಲಸ ಮಾಡುತ್ತಿದೆಯಾ ಅನ್ನುವುದು ಆಗ ಗೊತ್ತಾಗುತ್ತದೆ. ಟ್ರೈಲರ್ ತೆಗೆದುಕೊಳ್ಳುವ ದಿನವೇ ಅಂಗಡಿಯಲ್ಲಿ ಈ ಒಂದು ಪರೀಕ್ಷೆ ಮಾಡಿಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ರಿಪೇರಿ ಹತ್ತು ನಿಮಿಷದ್ದು. ಲಗ್ ಕೂರುವ ಜಾಗದಲ್ಲಿ ಕೋಟಿಂಗ್ ಕೆರೆದು ಕಬ್ಬಿಣ ಹೊಳೆಯುವಂತೆ ಎಮರಿ ಪೇಪರ್ ಉಜ್ಜಿದೆ. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿದೆ. ಮೇಲೆ ಬಣ್ಣ ಹಚ್ಚಿದೆ, ತುಕ್ಕು ಬಾರದಿರಲಿ ಅಂತ. ಮತ್ತೆ ಅಳೆದಾಗ ಒಟ್ಟು 0.2 ವೋಲ್ಟ್. ಇಂಡಿಕೇಟರ್ ಹಾಕಿದರೆ ಇಂಡಿಕೇಟರ್ ಮಾತ್ರ.

ರಾತ್ರಿ ಎರಡು ಗಂಟೆಗೆ ಫ್ರಿಜ್ ನಿಂತಿತು

ಟ್ರೈಲರಿನ ಬ್ಯಾಟರಿಯಲ್ಲಿ ಚಾರ್ಜ್ ಇದೆ, ಫ್ರಿಜ್ ಮಾತ್ರ ಕಡಿಮೆ ವೋಲ್ಟೇಜ್ ಅಂತ ನಿಲ್ಲುತ್ತದೆ. ಬ್ಯಾಟರಿ ಕೆಟ್ಟಿದೆ ಅಂತ ಅನ್ನಿಸುವುದು ಸಹಜ. ಬ್ಯಾಟರಿ ತುದಿಯಲ್ಲಿ ಅಳೆದರೆ 12.3 ವೋಲ್ಟ್ ಇತ್ತು. ಲೆಡ್ ಆಸಿಡ್ ಬ್ಯಾಟರಿ ಸುಮ್ಮನಿದ್ದಾಗ 12.7 ಅಂದರೆ ಪೂರ್ತಿ, 12.2 ಅಂದರೆ ಹೆಚ್ಚುಕಮ್ಮಿ ಅರ್ಧ. ಅಂದರೆ ಬ್ಯಾಟರಿಯಲ್ಲಿ ಇನ್ನೂ ಸಾಕಷ್ಟು ಇತ್ತು.

ಫ್ರಿಜ್ ಪ್ಲಗ್ಗಿನಲ್ಲಿ, ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅಳೆದಾಗ 10.6. ಮತ್ತೆ ಅದೇ ಕಥೆ, ದಾರಿಯಲ್ಲಿ ಸೋರಿಕೆ. ಬ್ಯಾಟರಿಯಿಂದ ಫ್ರಿಜ್‌ಗೆ 6 ಮೀಟರ್, ಹೋಗಿ ಬರಲು 12. ಹಾಕಿದ್ದ ವೈರ್ 1.5 ಚದರ ಮಿಲಿಮೀಟರಿನದು. 12 ಮೀಟರ್‌ಗೆ ಇದರ ಅಡ್ಡಿ ಸುಮಾರು 0.145 ಓಮ್. ಓಡುವಾಗ 5 ಆಂಪಿಯರ್‌ಗೆ 0.7 ವೋಲ್ಟ್ ಹೋಗುತ್ತದೆ, ಶುರುವಾಗುವಾಗ 10 ಆಂಪಿಯರ್ ಎಳೆದರೆ ಸುಮಾರು ಒಂದೂವರೆ ವೋಲ್ಟ್. 4 ಚದರ ಮಿಲಿಮೀಟರ್ ವೈರ್ ಹಾಕಿದರೆ ಅದೇ 10 ಆಂಪಿಯರ್‌ಗೆ ಅರ್ಧ ವೋಲ್ಟಿನಷ್ಟು ಮಾತ್ರ. ಮನೆಯ 230 ವೋಲ್ಟ್ ಲೈಟಿಂಗ್‌ಗೆ 1.5 ವೈರ್ ಧಾರಾಳ ಸಾಕು. 12 ವೋಲ್ಟಿಗೆ ಅದೇ ಲೆಕ್ಕ ನಡೆಯುವುದಿಲ್ಲ, ಯಾಕೆಂದರೆ ಇಲ್ಲಿ ಕಳೆದುಕೊಳ್ಳಲು ಇರುವುದೇ ಎರಡು ವೋಲ್ಟ್.

ಆ ರಾತ್ರಿಗೆ ಫ್ರಿಜ್‌ನ ಬ್ಯಾಟರಿ ರಕ್ಷಣೆಯನ್ನು (ಎಷ್ಟು ವೋಲ್ಟಿಗೆ ಇಳಿದರೆ ಫ್ರಿಜ್ ನಿಲ್ಲಬೇಕು ಅನ್ನುವ ಸೆಟ್ಟಿಂಗ್) ಹೈನಿಂದ ಲೋಗೆ ಇಟ್ಟು ನಡೆಸಿದೆವು. ಊರಿಗೆ ಬಂದ ಮೇಲೆ 4 ಚದರ ಮಿಲಿಮೀಟರ್ ವೈರನ್ನು ಬ್ಯಾಟರಿ ಹತ್ತಿರವೇ ಫ್ಯೂಸ್ ಕೊಟ್ಟು ನೇರವಾಗಿ ಎಳೆಸಿದೆ.

ಭಾವ ಆಗಲೇ ಹೇಳಿದ್ದರು, "ಪಂಪ್‌ಹೌಸ್‌ನಿಂದ ಒಂದು ವೈರ್ ಎಳೀತೀನಿ ಬಿಡು" ಅಂತ. ಪ್ರೀತಿಯಿಂದ ಹೇಳಿದ ಮಾತು. ಆದರೂ ಮೊದಲು ಅಳೆದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ 238 ಇದ್ದದ್ದು, ಪಂಪ್‌ಸೆಟ್ ಶುರುವಾದಾಗ 196ಕ್ಕೆ ಇಳಿಯಿತು. ನ್ಯೂಟ್ರಲ್ ಮತ್ತು ಅರ್ತ್ ನಡುವೆ 18 ವೋಲ್ಟ್ ಇತ್ತು, ಅದು ಎರಡು ಮೂರಕ್ಕಿಂತ ಜಾಸ್ತಿ ಇರಬಾರದು. ಅರ್ತ್ ಗುಂಡಿ ಒಣಗಿಹೋಗಿತ್ತು. ಕಬ್ಬಿಣದ ಟ್ರೈಲರ್, ಒದ್ದೆ ನೆಲ, ಓಡಾಡುವ ಮಕ್ಕಳು. ನಾನು ಪ್ಲಗ್ ಹಾಕಲಿಲ್ಲ. ಹೊರಗಿನ ಕರೆಂಟ್ ಹಾಕಿದಾಗ ಟ್ರೈಲರ್ ಮೈ ಮುಟ್ಟಿದರೆ ಜುಮ್ ಅಂದರೂ ಕೂಡಲೇ ಪ್ಲಗ್ ಕೀಳಿ. ಇನ್ನೊಂದು ಗುರುತು: ಎಂಸಿಬಿ (ಫ್ಯೂಸ್ ಬದಲು ಇರುವ ಸ್ವಿಚ್) ಬಿದ್ದರೆ ಲೋಡ್ ಜಾಸ್ತಿ ಅಥವಾ ಶಾರ್ಟ್. ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಬಿದ್ದರೆ ಕರೆಂಟ್ ಎಲ್ಲೋ ಗಾಡಿಯ ಮೈಗೆ ಇಲ್ಲವೇ ನೆಲಕ್ಕೆ ಸೋರುತ್ತಿದೆ. ಎರಡಕ್ಕೂ ಹುಡುಕುವ ದಾರಿ ಬೇರೆ.

ನೀರು ಮತ್ತು ಗ್ಯಾಸ್

ಬೆಳಿಗ್ಗೆ ಪಂಪ್ ಓಡುತ್ತದೆ, ನಲ್ಲಿಯಲ್ಲಿ ಬರೀ ಗಾಳಿ. ಟ್ಯಾಂಕಿನಲ್ಲಿ ನೀರಿದ್ದೂ ಹೀಗಾದರೆ ಪಂಪಿನ ಮುಂದಿರುವ ಜಾಲರಿ ಬಟ್ಟಲು ಬಿಚ್ಚಿ. ಟ್ಯಾಂಕಿಗೆ ತೂತು ಕೊರೆದಾಗ ಉದುರಿದ ಪ್ಲಾಸ್ಟಿಕ್ ಚೂರುಗಳು ಅಲ್ಲಿ ಕಟ್ಟಿಕೊಂಡಿದ್ದವು. ತೊಳೆದು ಹಾಕುವಾಗ ರಬ್ಬರ್ ರಿಂಗ್ ನೆಟ್ಟಗೆ ಕೂರಬೇಕು, ಇಲ್ಲದಿದ್ದರೆ ಗಾಳಿ ಎಳೆದು ಅದೇ ತೊಂದರೆ. ಎಲ್ಲ ನಲ್ಲಿ ಮುಚ್ಚಿದ್ದೂ ಪಂಪ್ ಆಗಾಗ ಗುರ್ ಅಂದರೆ ಎಲ್ಲೋ ಸೋರುತ್ತಿದೆ. ಎಲ್ಲಾ ಸಂಧಿಗಳ ಕೆಳಗೆ ಒಣ ದಿನಪತ್ರಿಕೆ ಹಾಸಿ ರಾತ್ರಿ ಬಿಡಿ. ಕಾಗದ ಎಲ್ಲೂ ಒದ್ದೆಯಾಗದಿದ್ದರೆ ಪಂಪಿನೊಳಗಿನ ವಾಲ್ವ್ ನೀರನ್ನು ಟ್ಯಾಂಕಿಗೇ ವಾಪಸ್ ಬಿಡುತ್ತಿದೆ ಅಂತ ಅರ್ಥ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಟ್ಯಾಂಕಿನಲ್ಲಿ ವಾರಗಟ್ಟಲೆ ಬಿಟ್ಟರೆ ವಾಲ್ವಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಬಂದ ಕೂಡಲೇ ಖಾಲಿ ಮಾಡಿ.

ಗ್ಯಾಸ್ ಸಂಧಿಗಳಿಗೆ ಸೋಪಿನ ನೀರು ಹೊಡೆದು ಗುಳ್ಳೆ ನೋಡಿ. ಬೆಂಕಿಕಡ್ಡಿ ಬೇಡವೇ ಬೇಡ. ಪೈಪಿನ ಮೇಲೆ ಐಎಸ್‌ಐ ಗುರುತು ಇರಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಗಾಳಿ ಕಿಂಡಿ ತೆರೆದಿರಬೇಕು. ನಮ್ಮದರಲ್ಲಿ ಅದರ ಮೇಲೆ ಪ್ಯಾಕಿಂಗ್ ಪ್ಲಾಸ್ಟಿಕ್ ಹಾಗೇ ಇತ್ತು, ಕಿತ್ತು ಹಾಕಿದೆ.

ಭಾನುವಾರ ಮಧ್ಯಾಹ್ನ ಹೊರಟೆವು. ಗುಬ್ಬಿಯ ಅದೇ ಟೀ ಅಂಗಡಿ ಮುಂದೆ ನಿಲ್ಲಿಸಿ ಹಬ್ ನೋಡಿದೆ, ಎರಡೂ ಒಂದೇ ಸಮ ಬೆಚ್ಚಗಿದ್ದವು. ಮಗಳು ಹಿಂದೆ ನಿಂತು ದೀಪಗಳನ್ನು ಒಂದೊಂದಾಗಿ ಕೂಗಿ ಹೇಳಿದಳು, ನಾನು ಬರೆದುಕೊಂಡೆ. ನೋಟ್‌ಬುಕ್‌ನಲ್ಲಿ ಒಂದೇ ಸಾಲು ಉಳಿದಿದೆ: ಮಳೆ ಪರೀಕ್ಷೆ. ಬರುವ ಶನಿವಾರ ಮನೆ ಮುಂದೆ ಪೈಪಿನಲ್ಲಿ ನೀರು ಹಾಯಿಸಿ ನೋಡುತ್ತೇವೆ. ಕೆಳಗಿನ ಅಂಚಿನಿಂದ ಶುರು ಮಾಡಿ, ಒಂದೊಂದು ಜಾಗದಲ್ಲಿ ಐದು ನಿಮಿಷ, ಆಮೇಲೆ ಕಿಟಕಿ, ಕೊನೆಗೆ ಚಾವಣಿಯ ಗಾಳಿಕಿಂಡಿ. ಮೇಲಿನಿಂದಲೇ ಹಾಯಿಸಿದರೆ ನೀರು ಎಲ್ಲಾ ಕಡೆ ಇಳಿದು, ಎಲ್ಲಿಂದ ಒಳಗೆ ಬಂತು ಅಂತ ಗೊತ್ತಾಗುವುದಿಲ್ಲ.